ಎಲ್ಲ ಪೆಟ್ಟಿಗೆಗೂ ಒಂದೇ ಗಂಟಲು

ಕಿವಿಯಕ್ಕನ ಮುತ್ತಜ್ಜ ಗಾರೆ ಕೆಲಸದವನು. ಹಳೆಯ ಹಿಟ್ಟಿನ ಗಿರಣಿಯೊಂದನ್ನು ಕೆಡವುವಾಗ ಗೋಡೆಯ ಪೊಳ್ಳಿನಲ್ಲಿ ಜೇನು ಸಿಕ್ಕಿತು. ಜೊತೆಯ ಆಳುಗಳು ಪಂಜು ಹಿಡಿದು ಸುಟ್ಟು ತುಪ್ಪ ಹಂಚಿಕೊಳ್ಳೋಣ ಎಂದರು. ಆತ ಯಾರೊಂದಿಗೂ ವಾದಕ್ಕೆ ಹೋಗಲಿಲ್ಲ. ಮೈಮೇಲಿದ್ದ ಅಂಗಿ ಬಿಚ್ಚಿ, ತೋಳುಗಳ ತುದಿಗೆ ಗಂಟು ಹಾಕಿ, ಅಷ್ಟೂ ಹುಳವನ್ನು ಬೊಗಸೆ ಬೊಗಸೆಯಾಗಿ ಅದರೊಳಗೆ ತುಂಬಿಕೊಂಡು, ನಡುಹಗಲಲ್ಲಿ ಬರಿಮೈಯಲ್ಲಿ ಬೀದಿಯುದ್ದಕ್ಕೂ ನಡೆದು ಮನೆಗೆ ತಂದ. ಮೈಯೆಲ್ಲ ಕುಂಬಳಕಾಯಿಯಂತೆ ಊದಿಕೊಂಡು ಹಾಸಿಗೆ ಹಿಡಿದ. 'ಎಲ್ಲರ ಗಂಡಂದಿರೂ ಕೂಲಿ ತರ್ತಾರೆ, ನನ್ನ ಗಂಡ ಕುಟುಕು ತಂದ' ಎಂದು ಹೆಂಡತಿ ಗೊಣಗುತ್ತಲೇ ಒಂದು ಮರದ ತೊಟ್ಟಿಯನ್ನು ಬೋರಲು ಹಾಕಿ ಹುಳಕ್ಕೆ ಮನೆ ಮಾಡಿಕೊಟ್ಟಳು.

ಆತನ ಸೊಸೆ, ಎಂದರೆ ಕಿವಿಯಕ್ಕನ ಅಜ್ಜಿ, ಆ ಮನೆಗೆ ಹೆಸರು ತಂದವಳು. ಚಳಿಗಾಲದಲ್ಲಿ ಜೇನುಹುಳ ಹೊರಗೆ ಬರುವುದಿಲ್ಲ. ಒಳಗೆ ಒಂದಕ್ಕೊಂದು ಅಂಟಿಕೊಂಡು, ಉಂಡೆಯಾಗಿ, ಕೂಡಿಟ್ಟ ತುಪ್ಪ ತಿನ್ನುತ್ತ ಚಳಿ ಕಳೆಯುತ್ತವೆ. ಬದುಕಿವೆಯೋ ಇಲ್ಲವೋ ಎಂದು ನೋಡಲು ಮುಚ್ಚಳ ಎತ್ತಿದರೆ ಒಳಗಿನ ಕಾವು ಹೊರಟುಹೋಗಿ, ನೋಡಿದ್ದೇ ಸಾವಿಗೆ ಕಾರಣವಾಗುತ್ತದೆ. ಅಜ್ಜಿ ಮುಚ್ಚಳ ಎತ್ತುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಒಂದೇ ಒಂದು ಸಲ ಬಡಿದು, ಹಲಗೆಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಹೊಟ್ಟೆ ತುಂಬಿದ ಪೆಟ್ಟಿಗೆ, ನಿದ್ದೆಯಲ್ಲಿರುವವನನ್ನು ತಿವಿದಂತೆ, 'ಹೂಂ' ಎಂದು ಒಮ್ಮೆ ಮೊರೆದು ಸುಮ್ಮನಾಗುತ್ತದೆ. ರಾಣಿ ಸತ್ತ ಪೆಟ್ಟಿಗೆ ತಾಯಿ ಕಾಣದ ಕೂಸಿನ ಹಾಗೆ ರಾಗ ಎಳೆಯುತ್ತದೆ, ನಿಲ್ಲಿಸುವುದೇ ಇಲ್ಲ. ಹಸಿದ ಪೆಟ್ಟಿಗೆಯದು ದನಿಯೇ ಅಲ್ಲ; ಒಣ ಎಲೆಯನ್ನು ಅಂಗೈಯಲ್ಲಿ ಉಜ್ಜಿದ ಸದ್ದು. ಅದು ಕೇಳಿಸಿದರೆ ಮಾತ್ರ, ಬಿಸಿಲಿರುವ ಒಂದು ಮಧ್ಯಾಹ್ನ ಮುಚ್ಚಳ ಸರಿಸಿ, ಅಂಚಿನಲ್ಲಿರುವ, ತುಪ್ಪ ತುಂಬಿದ ಮೇಣದ ಎರಿಯನ್ನು ಹುಳದ ಉಂಡೆಯ ಪಕ್ಕಕ್ಕೆ ತಳ್ಳಿ, ಉಸಿರು ಬಿಡುವುದರೊಳಗೆ ಮುಚ್ಚಿಬಿಡಬೇಕು. ಹಸಿವು ಗೊತ್ತಾದರೆ ಬದುಕಿಸಬಹುದು; ಗೊತ್ತಾಗದಿದ್ದರೆ ಗೇಣು ದೂರದ ತುಪ್ಪವೂ ಹುಳಕ್ಕೆ ಎಟುಕುವುದಿಲ್ಲ. ಚಳಿಗೆ ಮರಗಟ್ಟಿದ ಹುಳ ಗೇಣು ನಡೆಯಲಾರದು. ಅಜ್ಜಿಯ ಕಿವಿ ಒಮ್ಮೆಯೂ ತಪ್ಪಿದ್ದಿಲ್ಲ, ಆದ್ದರಿಂದ ಆ ಮನೆ ಕಿವಿಯವರ ಮನೆಯಾಯಿತು.

ಅಪ್ಪ ಬಡಗಿ. ಮರದ ತೊಟ್ಟಿ ಬಿಟ್ಟು, ಸಾಮಾನು ಬರುವ ಹಳೆಯ ಪೆಟಾರಿಗಳ ಹಲಗೆಯಿಂದ ಚೌಕಟ್ಟಿನ ಪೆಟ್ಟಿಗೆಗಳನ್ನು ಮಾಡಿದವನು ಅವನು. ಒಂದೊಂದು ಪೆಟ್ಟಿಗೆಯ ಪಕ್ಕದ ಹಲಗೆಯಲ್ಲೂ ಅಂಗೈಯಗಲದ ಜಾಗವನ್ನು ಉಳಿಯಿಂದ ತೆಳ್ಳಗೆ ಕೆತ್ತಿದ, ಒಳಗಿನ ದನಿ ಸಲೀಸಾಗಿ ದಾಟಲಿ ಎಂದು. ಅದನ್ನು ಕೆನ್ನೆ ಜಾಗ ಎನ್ನುತ್ತಿದ್ದರು. ಎರಡು ತಲೆಮಾರಿನ ಕೆನ್ನೆ ಉಜ್ಜಿ ಉಜ್ಜಿ ಆ ಜಾಗ ಕಂಚಿನ ತಟ್ಟೆಯಂತೆ ಹೊಳೆಯುತ್ತಿತ್ತು.

ಅಜ್ಜಿಗೆ ಕೈಲಾಗದ ಕಾಲ ಬಂದಾಗ ಮೊಮ್ಮಕ್ಕಳಿಬ್ಬರನ್ನೂ ಪೆಟ್ಟಿಗೆಗಳ ಮುಂದೆ ಕೂರಿಸಿದಳು. ಹುಡುಗ ಕೆನ್ನೆ ಇಟ್ಟು, 'ಏನೂ ಕೇಳಿಸ್ತಿಲ್ಲ ಅಜ್ಜಿ, ನನ್ನ ಹೊಟ್ಟೆ ಗುರ್ ಅಂತಿರೋದು ಬಿಟ್ರೆ' ಎಂದ. ಹುಡುಗಿ ಕೆನ್ನೆ ಇಟ್ಟು, ಕಣ್ಣು ಮುಚ್ಚಿ, 'ಇದಕ್ಕೆ ಅಮ್ಮ ಇಲ್ಲ, ಅಳ್ತಾ ಇದೆ' ಎಂದಳು. ಹೂ ಬಿಟ್ಟ ಮೇಲೆ ತೆರೆದು ನೋಡಿದರೆ ಆ ಪೆಟ್ಟಿಗೆಯಲ್ಲಿ ರಾಣಿ ಇರಲಿಲ್ಲ. ಅಂದಿನಿಂದ ಅವಳು ಕಿವಿಯಕ್ಕ. ಹುಡುಗ ಅಪ್ಪನ ಉಳಿ ಹಿಡಿದು ಬಡಗಿಯಾದ. ಆದರೆ ಆ ದಿನದ ಮುಳ್ಳು ಅವನ ಎದೆಯಿಂದ ಹೋಗಲಿಲ್ಲ. ದೊಡ್ಡವನಾಗಿ ಬೇರೆ ಮನೆ ಮಾಡಿದಾಗ ತನ್ನ ಪಾಲಿನ ಪೆಟ್ಟಿಗೆಗಳನ್ನು ಅಂಗಡಿಯ ಮಾಳಿಗೆಯ ಮೇಲಿಟ್ಟು, ಕಂಡಕಂಡಾಗ ಮುಚ್ಚಳ ಎತ್ತಿ ನೋಡಿ ನೋಡಿಯೇ ಮೊದಲ ಚಳಿಯಲ್ಲಿ ಕೊಂದ. ಬೇರೆ ಕಡೆಯಿಂದ ಬೇರೆ ಹುಳ ತಂದ. ಅವಕ್ಕೆ ಚಳಿಗಾಲಕ್ಕೆ ಸಕ್ಕರೆಯ ಗಟ್ಟಿ ಇಟ್ಟು ಸಾಕಲು ಕಲಿತ. ಅಕ್ಕ ಅವನನ್ನು ಸಕ್ಕರೆ ಸಾಹುಕಾರ ಎಂದು ಕರೆಯತೊಡಗಿದಳು.

ಹೀಗೆ ಮುತ್ತಜ್ಜ ಅಂಗಿಯಲ್ಲಿ ಹೊತ್ತುತಂದ ಹುಳದ ಸಂತಾನ ಉಳಿದದ್ದು ಕಿವಿಯಕ್ಕನ ಹಿತ್ತಿಲ ಗೋಡೆಗೆ ಸಾಲಾಗಿಟ್ಟ ಏಳು ಪೆಟ್ಟಿಗೆಗಳಲ್ಲಿ ಮಾತ್ರ. ಅವು ಹೋದರೆ ಆ ವಂಶ ಭೂಮಿಯ ಮೇಲೇ ಇಲ್ಲ. ಇದು ಆಕೆಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆಮ್ಮೆಗೆ ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ಜೇನು ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲವಲ್ಲ. ಕಿವಿಯಕ್ಕ ಪ್ರಾಯದಲ್ಲೇ ಮೊಳೆ ಕಾರ್ಖಾನೆ ಸೇರಿದಳು. ತಂತಿ ಕತ್ತರಿಸಿ ತಲೆ ಚಪ್ಪಟೆ ಮಾಡುವ ಯಂತ್ರಗಳ ಸಾಲಿನಲ್ಲಿ ನಿಂತು ಮೊಳೆ ತುಂಬುವ ಕೆಲಸ. ಅಲ್ಲಿ ಆನೆ ಘೀಳಿಟ್ಟರೂ ಪಕ್ಕದವರಿಗೆ ಕೇಳದು. ಅದಕ್ಕೇ ಅಲ್ಲಿನ ಹೆಂಗಸರು ದನಿಯಿಲ್ಲದೆ ತುಟಿಯಾಡಿಸಿಯೇ ಹರಟೆ ಹೊಡೆಯುತ್ತಿದ್ದರು, ಬೈಯುತ್ತಿದ್ದರು, ಮೇಸ್ತ್ರಿಯ ಬೆನ್ನ ಹಿಂದೆ ಅವನ ಮೀಸೆಯ ಬಗ್ಗೆ ಜೋಕು ಮಾಡುತ್ತಿದ್ದರು. ಕಿವಿಯಕ್ಕನಿಗೂ ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದು ಉಸಿರಾಟದಷ್ಟು ಸಲೀಸಾಯಿತು. ಕಾರ್ಖಾನೆ ಮುಚ್ಚುವ ಹೊತ್ತಿಗೆ ಆಕೆಯ ಕೂದಲು ನರೆತಿತ್ತು. ಕಿವಿ ಅದಕ್ಕೂ ಮೊದಲೇ ಹೋಗಿತ್ತು. ಆದರೆ ಮಾತೆಲ್ಲ ಕಣ್ಣಿನಿಂದಲೇ ಬರುತ್ತಿದ್ದುದರಿಂದ ಹೋದದ್ದು ಆಕೆಗೇ ಗೊತ್ತಾಗಲಿಲ್ಲ. ಕಳ್ಳ ಮನೆ ಹೊಕ್ಕು ಪಾತ್ರೆ ಕದ್ದು, ಅದರ ಜಾಗದಲ್ಲಿ ಪಾತ್ರೆಯ ಚಿತ್ರ ಇಟ್ಟು ಹೋದ ಹಾಗೆ.

ಗೊತ್ತಿದ್ದವನು ಗಂಡ ಒಬ್ಬನೇ. ಆತ ಗಡಿಯಾರ ರಿಪೇರಿಯವನು, ಕಡಿಮೆ ಮಾತಿನವನು. ಆಕೆ ಒಲೆಯ ಕಡೆ ತಿರುಗಿ ನಿಂತಿದ್ದಾಗ ಏನಾದರೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಮೊದಮೊದಲು ಮುನಿಸು ಅಂದುಕೊಂಡ. ಆಮೇಲೆ ಒಮ್ಮೆ ಆಕೆಯ ಬೆನ್ನ ಹಿಂದೆ ಅಂಗಡಿಯ ದೊಡ್ಡ ಗಡಿಯಾರ ಗಂಟೆ ಹೊಡೆದರೂ ಆಕೆ ತಿರುಗದಿದ್ದಾಗ ಅರ್ಥವಾಯಿತು. ಬಾಯಿ ಬಿಟ್ಟು ಹೇಳಲು ಒಂದೆರಡು ಸಲ ಹೊರಟ.

'ಕಿವಿ ಸ್ವಲ್ಪ ತೋರಿಸ್ಕೊಂಡು ಬರೋಣ್ವಾ?' ಎಂದ ಒಮ್ಮೆ, ಎದುರಿಗೆ ನಿಂತು.

'ಯಾರ ಕಿವಿ?'

'ನಿಂದು. ಅಲ್ಲ... ನಂದೂ. ಇಬ್ಬರದೂ.'

'ನಿಮ್ಮದು ತೋರಿಸ್ಕೊಳ್ಳಿ. ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡ್ತೀರಲ್ಲ, ಅದನ್ನೂ ತೋರಿಸ್ಕೊಳ್ಳಿ. ಕಿವಿಯವರ ಮನೆ ಮಗಳನ್ನ ಕಿವಿ ತೋರಿಸೋಕೆ ಕರ್ಕೊಂಡು ಹೋಗ್ತಾರಂತೆ! ಊರವರು ನಗಬಾರದ ಕಡೆಯಿಂದ ನಕ್ಕಾರು.'

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಲು ಹೋದವನು ಗಂಟೆಯನ್ನು ಜೇಬಿಗೇ ಹಾಕಿಕೊಂಡು ಬಂದ.

ಈ ಮಾತಿನ ಮುಂದಿನ ಚಳಿಗಾಲ ವಿಪರೀತದ್ದು. ಮೊದಲು ಎಲ್ಲರೂ ಬೆವರುವಷ್ಟು ಬೆಚ್ಚಗಿತ್ತು. ಹುಳ ಸುಮ್ಮನೆ ಕೂರದೆ ಹಾರಾಡಿ, ನಡುವಿನ ಎರಿಗಳ ತುಪ್ಪವನ್ನೆಲ್ಲ ತಿಂದು ಮುಗಿಸಿದವು. ಆಮೇಲೆ ಒಂದೇ ಸಲ ಬಾಗಿಲು ಜಡಿದಂತೆ ಚಳಿ ಬಂತು, ಬಂದದ್ದು ಹೋಗಲೇ ಇಲ್ಲ. ನಲ್ಲಿಯ ನೀರು ಕೊಳವೆಯಲ್ಲೇ ಕಲ್ಲಾಯಿತು. ಕಿವಿಯಕ್ಕ ಕಂಬಳಿ ಹೊದ್ದು ಹಿತ್ತಿಲಿಗೆ ಹೋಗಿ, ಮಂಡಿಯೂರಿ, ಮೊದಲ ಪೆಟ್ಟಿಗೆಗೆ ಗೆಣ್ಣಿನಿಂದ ಒಂದು ಬಡಿತ ಬಡಿದು ಕೆನ್ನೆ ಇಟ್ಟಳು. 'ಹೂಂ' ಎಂದಿತು. ಎರಡನೆಯದೂ 'ಹೂಂ'. ಏಳನೆಯದರ ತನಕ ಅದೇ ದನಿ, ಅದೇ ಎತ್ತರ.

ಒಳಗೆ ಬಂದು ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ ಗಂಡನಿಗೆ ಹೇಳಿದಳು: 'ಈ ಸಲ ಎಲ್ಲ ಪೆಟ್ಟಿಗೆಗೂ ಒಂದೇ ಗಂಟಲು ಕಣ್ರೀ. ಅಜ್ಜಿ ಕಾಲದಲ್ಲೂ ಹೀಗೆ ಕೇಳಿದ್ದಿಲ್ಲ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.'

ಏಳು ಸಂಸಾರ ಒಂದೇ ಗಂಟಲಲ್ಲಿ ಮಾತಾಡುವುದುಂಟೆ? ಒಂದೇ ಮನೆಯ ಗಂಡಹೆಂಡಿರೂ ಹಾಗೆ ಮಾತಾಡುವುದಿಲ್ಲ. ಗಡಿಯಾರದವನಿಗೆ ಎಲ್ಲೋ ಮುಳ್ಳು ಜಾರಿದೆ ಅನ್ನಿಸಿತು. ಆಕೆ ಮಲಗಿದ ಮಧ್ಯಾಹ್ನ ಹಿತ್ತಿಲಿಗೆ ಹೋಗಿ ತಾನೂ ಬಡಿದು ಕೆನ್ನೆ ಇಟ್ಟ. ಗಡಿಯಾರದೊಳಗಿನ ಸಾಸಿವೆಯಷ್ಟು ಚಕ್ರ ಸವೆದದ್ದನ್ನು ಸದ್ದಿನಿಂದ ಹಿಡಿಯುವ ಕಿವಿ ಅದು. ಮೊದಲ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಎರಡರಲ್ಲಿ ಏನೂ ಇಲ್ಲ. ಐದನೆಯದರಲ್ಲಿ ಮಾತ್ರ, ಬಹಳ ಒಳಗೆ, ಒಣ ಎಲೆಯನ್ನು ಯಾರೋ ಉಜ್ಜುತ್ತಿದ್ದರು.

ಸಂಜೆ ಎದುರಿಗೆ ನಿಂತು ಹೇಳಿದ. 'ಐದನೇದು ಹಸಿದಿದೆ ಕಣೇ. ಎಲೆ ಉಜ್ಜಿದ ಹಾಗೆ ಕೇಳಿಸ್ತು. ಬೇರೆಯವು... ನನಗೇನೂ ಕೇಳಿಸ್ಲೇ ಇಲ್ಲ.'

'ನೀವು ಯಾವಾಗ ಕಿವಿಯವರ ಮನೆಯವರಾದ್ರಿ?'

'ನಿನ್ನ ಕೈ ಹಿಡಿದಾಗ.'

'ಅಳಿಯನಿಗೆ ಊಟ ಹಾಕ್ತಾರೆ, ಕಿವಿ ಕೊಡಲ್ಲ.'

'ಒಂದೇ ಒಂದ್ಸಲ ಮುಚ್ಚಳ ಸರಿಸಿ ನೋಡೋಣ. ನಾಳೆ ಬಿಸಿಲು ಬರೋ ಹಾಗಿದೆ. ತಪ್ಪಿದ್ರೆ ನನ್ನನ್ನ ಬೈಯಿ.'

'ನೋಡೋಣ ನೋಡೋಣ ಅಂತಲೇ ನನ್ನ ತಮ್ಮ ಮನೆ ಹುಳ ಕೊಂದ. ನೀವೂ ಅವನ ಪಾರ್ಟಿ ಸೇರಿದ್ರಾ?' ಎಂದು ಎದ್ದಳು. ಆತನ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಐದನೆಯ ಪೆಟ್ಟಿಗೆಗೆ ಬಡಿದು ಕೆನ್ನೆ ಇಟ್ಟಳು. ಮುಖ ಅರಳಿತು. ಕಣ್ಣು ಮುಚ್ಚಿದ ಆ ಮುಖದಲ್ಲಿ ಅಜ್ಜಿಯ ಮುಂದೆ ಕೂತ ಹುಡುಗಿ ಕಂಡಳು. 'ಕೇಳಿ, ಕೇಳಿ! ಹೂಂ ಅಂತಿದೆ. ಇಡಿ ಕೆನ್ನೆ.'

ಆತ ಕೆನ್ನೆ ಇಟ್ಟ. ಒಣ ಎಲೆ. ಮಧ್ಯಾಹ್ನಕ್ಕಿಂತ ಸಣ್ಣಗೆ.

'ಕೇಳಿಸ್ತಾ?'

ಆತ ಆಕೆಯ ಮುಖ ನೋಡಿದ. ಇಲ್ಲ ಎಂದರೆ ಹೋಗುವುದು ಒಂದು ಪೆಟ್ಟಿಗೆಯ ಮಾತಲ್ಲ. ಅಜ್ಜಿ, ಮನೆಯ ಹೆಸರು, ಇಷ್ಟು ವರ್ಷ ಆಕೆ ತಾನು ಯಾರು ಅಂದುಕೊಂಡಿದ್ದಳೋ ಅದೆಲ್ಲ.

'ಹೌದು' ಎಂದ.

ಮರುದಿನ ಬಿಸಿಲು ಬಂತು, ಮಧ್ಯಾಹ್ನದ ತನಕ ಇತ್ತು, ಹೋಯಿತು. ಮುಚ್ಚಳ ಯಾರೂ ಸರಿಸಲಿಲ್ಲ.

ಚಳಿ ಸಡಿಲಾದದ್ದು ಬಹಳ ತಡವಾಗಿ. ಒಂದು ಬೆಳಗ್ಗೆ ಸೂರಿನಿಂದ ನೀರು ತೊಟ್ಟಿಕ್ಕಿತು, ಗೋಡೆ ಆವಿಯಾಡಿತು. ಹೊತ್ತೇರಿದ ಮೇಲೆ ಕಿವಿಯಕ್ಕ ಹಿತ್ತಿಲಿನಿಂದ ಕೂಗಿದ ಕೂಗಿಗೆ ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು. ಏಳೂ ಪೆಟ್ಟಿಗೆಗಳ ಬಾಯಲ್ಲಿ ಹುಳ! ಹೊಗುತ್ತಿವೆ, ಹೊರಡುತ್ತಿವೆ, ಒಂದನ್ನೊಂದು ನೂಕಾಡುತ್ತಿವೆ, ಬೋನಸ್ಸಿನ ದಿನ ಕಾರ್ಖಾನೆಯ ಗೇಟು ಇದ್ದ ಹಾಗೆ. ಗಡಿಯಾರದವನು ಕೈಯಲ್ಲಿದ್ದ ಚಿಮಟ ಸಮೇತ ಓಡಿಬಂದು ನಿಂತ. ನೋಡಿದ. ಕಣ್ಣಲ್ಲಿ ನೀರು ತುಂಬಿತು. ಇಷ್ಟು ದಿನ ಆ 'ಹೌದು' ಹೊತ್ತುಕೊಂಡು ಓಡಾಡಿದ್ದವನು ಆತ.

'ನನ್ನ ಕಿವೀನೇ ಕೆಟ್ಟಿದೆ ಕಣೇ. ನೀನು ಹೇಳಿದ್ದೇ ಸರಿ. ನನ್ನದೇ ಕೆಟ್ಟಿದೆ' ಎಂದ, ನಗುತ್ತ, ಅಳುತ್ತ.

'ಹೋಗ್ಲಿ ಬಿಡಿ' ಎಂದು ಆಕೆ ಆತನ ಬೆನ್ನು ಸವರಿದಳು. 'ಅಷ್ಟು ಸಣ್ಣ ಟಿಕ್ ಟಿಕ್ ಕೇಳಿ ಕೇಳಿ ಸವೆದಿರುತ್ತೆ. ವಯಸ್ಸಾಯ್ತಲ್ಲ.'

ಆ ಮನೆ ಕೊನೆಯದಾಗಿ ನಕ್ಕದ್ದು ಆವತ್ತು.

ಎರಡು ಬೀದಿಯಾಚೆ, ತಮ್ಮನ ಅಂಗಡಿಯ ಮಾಳಿಗೆಯ ಮೇಲೆ ಬೇರೆಯೇ ಲೆಕ್ಕ ನಡೆಯುತ್ತಿತ್ತು. ತಮ್ಮನ ಹುಳ ಹೊಟ್ಟೆ ಜೋತುಬೀಳುವಷ್ಟು ತುಪ್ಪ ಹೊತ್ತು ಮನೆಗೆ ಬರುತ್ತಿದ್ದವು. ಕಾಲು ಮಾತ್ರ ಬರಿದು. ಹೂವಿನಿಂದ ಬಂದ ಹುಳದ ಕಾಲಲ್ಲಿ ಪರಾಗದ ಹಳದಿ ಉಂಡೆ ಇರುತ್ತದೆ. ಇವುಗಳ ಕಾಲು ತೊಳೆದಿಟ್ಟಂತಿತ್ತು. ಹೊರಗೆ ಒಂದು ಮೊಗ್ಗೂ ಬಿರಿದಿರಲಿಲ್ಲ. ಬಡಗಿ ಮಾಳಿಗೆಯ ಅಂಚಿಗೆ ಬಂದು ಅವು ಹಾರುವ ದಾರಿಯನ್ನು ನೂಲು ಹಿಡಿದಂತೆ ಕಣ್ಣಲ್ಲೇ ಹಿಡಿದು ನೋಡಿದ. ದಾರಿ ನೆಟ್ಟಗೆ ಅಕ್ಕನ ಹಿತ್ತಿಲಿಗೆ ಹೋಗುತ್ತಿತ್ತು. ಉಳಿ ಕೆಳಗಿಟ್ಟು, ಮೈಮೇಲಿನ ಮರದ ಹೊಟ್ಟನ್ನೂ ಒದರಿಕೊಳ್ಳದೆ ಹೊರಟ. ದಾರಿಯಲ್ಲಿ ದಿನಸಿ ಅಂಗಡಿಯಲ್ಲಿ ಒಂದು ಪೊಟ್ಟಣ ಗೋಧಿಹಿಟ್ಟು ಕಟ್ಟಿಸಿಕೊಂಡ.

'ಬಾರೋ ಸಕ್ಕರೆ ಸಾಹುಕಾರ!' ಎಂದಳು ಅಕ್ಕ. 'ನೋಡು, ಕಣ್ತುಂಬ ನೋಡು. ಮುಚ್ಚಳ ಎತ್ತಿಲ್ಲ, ಸಕ್ಕರೆ ಹಾಕಿಲ್ಲ.'

ತಮ್ಮ ಒಂದು ಪೆಟ್ಟಿಗೆಯ ಬಾಯಿಗೆ ಬಾಗಿ ನೋಡಿದ. ಬಾಗಿಲಲ್ಲಿ ಕಾವಲು ಹುಳ ಒಂದೂ ಇಲ್ಲ. ಮೆಟ್ಟಿಲ ಹಲಗೆಯ ಮೇಲೆ ಒಡೆದ ಮೇಣದ ಪುಡಿ.

'ಅಕ್ಕ, ಇವುಗಳ ಕಾಲು ನೋಡಿದ್ಯಾ?'

'ಯಾಕೆ, ಚಪ್ಪಲಿ ಹಾಕ್ಬೇಕಿತ್ತಾ?'

'ಕಾಲಲ್ಲಿ ಹಳದಿ ಇಲ್ಲ.'

'ಹೂವೇ ಬಿಟ್ಟಿಲ್ಲ. ಹಳದಿ ಎಲ್ಲಿಂದ ಬರ್ಬೇಕೋ, ನಿನ್ನ ಪೇಂಟ್ ಡಬ್ಬದಿಂದಾನಾ?'

'ಹೂವೇ ಬಿಟ್ಟಿಲ್ಲ ಅಂದ್ಮೇಲೆ ಇಷ್ಟು ಅವಸರ ಮಾಡ್ಕೊಂಡು ಇವು ಎಲ್ಲಿಗೆ ಹೋಗ್ತಿವೆ ಅಕ್ಕ?'

ತಮ್ಮ ಪೊಟ್ಟಣ ಬಿಚ್ಚಿ, ಪೆಟ್ಟಿಗೆಗಳಿಂದ ಹೊರಬರುತ್ತಿದ್ದ ಹುಳದ ಮೇಲೆ ಗೋಧಿಹಿಟ್ಟು ಉದುರಿಸಿದ. ಹುಳ ಬೆಳ್ಳಗಾಗಿ ಎದ್ದವು. ಆತ ಭಾವನ ಕಡೆ ತಿರುಗಿದ. 'ಭಾವ, ನೀವು ನಮ್ಮ ಮಾಳಿಗೆಗೆ ಹೋಗಿ ನಿಂತ್ಕೊಳ್ಳಿ. ಬೆಳ್ಳನೆ ಹುಳ ನಮ್ಮ ಪೆಟ್ಟಿಗೆಗೆ ಬರುತ್ತಾ ನೋಡಿ. ಬರ್ಲಿಲ್ಲ ಅಂದ್ರೆ ಅಕ್ಕನ ಕಾಲಿಗೆ ಬಿದ್ದು ಹೋಗ್ತೀನಿ.'

ಗಡಿಯಾರದವನು ಹೋದ. ಅಕ್ಕ ತಮ್ಮ ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಹಿಂದೊಮ್ಮೆ ಅಜ್ಜಿಯ ಮುಂದೆ ಕೂತದ್ದೂ ಇದೇ ಕಟ್ಟೆ. ತಮ್ಮ ಬೇಕಿದ್ದರೆ ಈಗ ಗೆದ್ದವನ ಹಾಗೆ ಕೂರಬಹುದಿತ್ತು. ತೊಡೆಯ ನಡುವೆ ಕೈ ಸಿಕ್ಕಿಸಿಕೊಂಡು ತಪ್ಪು ಮಾಡಿದವನ ಹಾಗೆ ಕೂತಿದ್ದ.

ಗಂಡ ಬಂದು ಹಿತ್ತಿಲ ಬಾಗಿಲಲ್ಲಿ ನಿಂತ. ಹೇಳಲು ಬಾಯಿ ತೆರೆದ, ತುಟಿ ಆಡಿತು, ದನಿ ಹೊರಡಲಿಲ್ಲ. ಆಕೆಗೆ ದನಿ ಬೇಕೂ ಇರಲಿಲ್ಲ. ತುಟಿಯಲ್ಲೇ ಓದಿಕೊಂಡಳು: ಎಲ್ಲ ಅಲ್ಲಿಗೇ ಬಂದವು.

ಎದ್ದು ಹೋಗಿ ಮೊದಲ ಪೆಟ್ಟಿಗೆಯ ಮುಚ್ಚಳವನ್ನು ತಾನೇ ತೆಗೆದಳು. ತಮ್ಮ ಕೈಹಾಕಲು ಬಂದರೆ ಮೊಣಕೈಯಿಂದ ನೂಕಿದಳು. ನಡುವಿನ ಎರಿಯಲ್ಲಿ ಒಂದು ಮುಷ್ಟಿಯಷ್ಟು ಹುಳ, ಒಂದೊಂದೂ ತಲೆಯನ್ನು ಗೂಡಿನ ತಳದ ತನಕ ತೂರಿಸಿ, ಬಾಲ ಹೊರಗೆ ಬಿಟ್ಟು ಸತ್ತಿದ್ದವು. ತಳದಲ್ಲಿ ಒಂದು ತೊಟ್ಟು ಉಳಿದಿದೆಯೇನೋ ಎಂದು ನೆಕ್ಕುತ್ತಲೇ ಹೋದ ಪ್ರಾಣಗಳು. ಅವುಗಳ ಮೇಲೆ ಬೂಷ್ಟು. ಅಲ್ಲಿಂದ ಗೇಣು ದೂರದಲ್ಲಿ, ಅಂಚಿನ ಎರಿಯಲ್ಲಿ ತುಪ್ಪವಿದ್ದ ಗೂಡುಗಳನ್ನು ತಮ್ಮನ ಹುಳ ಹರಿದು, ಕೆರೆದು, ಖಾಲಿ ಮಾಡಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಕಣ್ಣಿಂದ ನೋಡಬೇಕಾದರೆ ಅಂಥ ಪೆಟ್ಟಿಗೆ ತೆರೆದು ನೋಡಬೇಕು. ಎರಡನೆಯದೂ ಹಾಗೆಯೇ. ಮೂರನೆಯದೂ. ಅಪ್ಪ ಮೊದಲು ಮಾಡಿದ ಪೆಟಾರಿ ಹಲಗೆಯ ಪೆಟ್ಟಿಗೆಯೂ.

ಐದನೆಯದರಲ್ಲಿ ಬೂಷ್ಟು ಇರಲಿಲ್ಲ. ಸತ್ತ ಹುಳದ ರೆಕ್ಕೆ ಇನ್ನೂ ಹೊಳಪಾಗಿತ್ತು. ರಾಣಿಯೂ ಅಲ್ಲಿ, ಉಂಡೆಯ ನಡುವೆ, ಸುತ್ತ ಕೂತವರ ನಡುವೆ ಕೊನೆಯ ತನಕ ಬೆಚ್ಚಗಿದ್ದು ಸತ್ತಂತಿತ್ತು.

'ಇದು ಆವತ್ತು ಬದುಕಿತ್ತು' ಎಂದ ಗಂಡ, ಎದುರಿಗೆ ಬಂದು. 'ನನಗೆ ಎಲೆ ಉಜ್ಜಿದ್ದೇ ಕೇಳಿಸಿತ್ತು. ಕೇಳಿಸಿದ್ರೂ ಹೌದು ಅಂದೆ.'

'ನೀವು ಅನ್ನಲಿಲ್ಲ. ನಾನು ಅನ್ನಿಸ್ದೆ.'

ಅಷ್ಟೇ ಮಾತು. ಬೈಗುಳ ಬಂದಿದ್ದರೆ ಆತನಿಗೆ ಹಗುರಾಗುತ್ತಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಪೆಟ್ಟಿಗೆಗಳ ಬಾಯಿಗೆ ಬಟ್ಟೆ ತುರುಕಿ ತಮ್ಮ ಹೋದ. ಮರುದಿನ ಕಿವಿಯಕ್ಕ ಒಬ್ಬಳೇ ಕೂತು ಎರಿಗಳನ್ನು ಕಳಚಿ, ಸತ್ತ ಹುಳವನ್ನು ಹಳೆಯ ದುಪ್ಪಟಿಯ ಮೇಲೆ ಗುಡಿಸಿ ಹಾಕಿದಳು. ಏಳು ಪೆಟ್ಟಿಗೆಯ ಸಂಸಾರ ಒಂದು ಮೊರದಷ್ಟೂ ಆಗಲಿಲ್ಲ. ಗೋಡೆಯ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದಳು. ಪೆಟ್ಟಿಗೆಗಳನ್ನು ಒಳಗಿನಿಂದ ಕೆರೆದು, ಒರೆಸಿ, ಬರಿದು ಮಾಡಿ ಮುಚ್ಚಳ ಹಾಕಿದಳು. ಹಾಕಿದವಳ ಕೈ, ರೂಢಿಬಲದಿಂದ, ಗೆಣ್ಣು ಮಡಿಸಿ ಒಂದು ಬಡಿತ ಬಡಿಯಿತು. ಕೆನ್ನೆ ತಾನಾಗಿ ಕೆನ್ನೆ ಜಾಗಕ್ಕೆ ಹೋಯಿತು.

'ಹೂಂ' ಎಂದಿತು ಪೆಟ್ಟಿಗೆ.

ಆಕೆ ಮುಚ್ಚಳ ತೆಗೆದು ನೋಡಿದಳು. ಬರಿ ಹಲಗೆ. ಮುಚ್ಚಿ ಮತ್ತೆ ಕೆನ್ನೆ ಇಟ್ಟಳು. 'ಹೂಂ.' ಅದೇ ದನಿ, ಅದೇ ಎತ್ತರ. ಎದ್ದು ಹಿತ್ತಿಲ ಬಾಗಿಲಿಗೆ ಕೆನ್ನೆ ಇಟ್ಟಳು. ಬಾಗಿಲೂ 'ಹೂಂ' ಎಂದಿತು. ನೀರಿನ ಹಂಡೆಗೆ ಇಟ್ಟಳು, ಗೋಡೆಗೆ ಇಟ್ಟಳು, ಒಳಗೆ ಹೋಗಿ ತನ್ನ ದಿಂಬಿಗೆ ಇಟ್ಟಳು. ಗಂಡ ಅಂಗಡಿಯಿಂದ ಬಂದಾಗ ಆಕೆ ಅಡುಗೆಮನೆಯ ಮೇಜಿನ ಮೇಲೆ ಕೆನ್ನೆ ಇಟ್ಟುಕೊಂಡು, ಕಣ್ಣು ತೆರೆದುಕೊಂಡು ಕೂತಿದ್ದಳು.

ಮೊಳೆ ಕಾರ್ಖಾನೆಗೆ ಬೀಗ ಬಿದ್ದು, ಅದರ ತಗಡನ್ನೂ ಗುಜರಿಯವರು ಬಿಚ್ಚಿಕೊಂಡು ಹೋಗಿ ವರ್ಷಗಳಾಗಿದ್ದವು. ಆಕೆಯ ತಲೆಯೊಳಗೆ ಮಾತ್ರ ಆ ಯಂತ್ರಗಳಿಗೆ ಒಂದು ದಿನದ ರಜೆಯೂ ಸಿಕ್ಕಿರಲಿಲ್ಲ.

ಆಮೇಲೆ ಮರಗಳು ಹೂ ಬಿಟ್ಟವು. ಹೂವಿಗೆ ಯಾರ ಮನೆಯ ಸಾವೂ ಗೊತ್ತಿರುವುದಿಲ್ಲ. ಕಿವಿಯಕ್ಕ ಹಿತ್ತಿಲಿಗೆ ಹೋಗುವುದು ಬಿಟ್ಟಳು. ಮಾತೂ ಕಡಿಮೆಯಾಯಿತು. ಗಂಡ ಎದುರಿಗೆ ನಿಂತು ಏನಾದರೂ ಕೇಳಿದರೆ ಆತನ ತುಟಿಯಿಂದ ಕಣ್ಣು ಕೀಳುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಷ್ಟು ವರ್ಷ ಕಿವುಡಾಗಿದ್ದವಳು ಕಿವುಡಿಯಾದದ್ದು ಆ ವಸಂತದಲ್ಲಿ.

ಒಂದು ಮುಸ್ಸಂಜೆ ತಮ್ಮ ಬಂದ. ಹುಳವೆಲ್ಲ ಗೂಡು ಸೇರಿದ ಮೇಲೆ, ಬಾಯಿಗೆ ಜಾಲರಿ ಬಡಿದ ಹೊಸ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ತಂದಿದ್ದ. ತನ್ನ ಒಳ್ಳೆಯ ಕುಟುಂಬವೊಂದನ್ನು ಒಡೆದು, ಮರಿ ರಾಣಿಯನ್ನು ಹಾಕಿ ಕಟ್ಟಿದ ಪಾಲು. ಅದನ್ನು ಕಟ್ಟೆಯ ಮೇಲಿಟ್ಟು, ಪಕ್ಕದ ಹಲಗೆ ಅಕ್ಕನ ಕಡೆ ಬರುವಂತೆ ತಿರುಗಿಸಿದ. ಅದರಲ್ಲಿ ಅಂಗೈಯಗಲದ ಜಾಗವನ್ನು ತೆಳ್ಳಗೆ ಕೆತ್ತಿದ್ದ. ಅಜ್ಜಿಯ ಮುಂದೆ ಕೂತ ದಿನದಿಂದ ಆ ಜಾಗವನ್ನು ಕಂಡರೆ ಮುಖ ತಿರುಗಿಸುತ್ತಿದ್ದವನು, ಅದನ್ನು ಉಳಿಯಿಂದ ಕೆತ್ತಿ, ಉಜ್ಜುಕಾಗದದಿಂದ ನುಣುಪು ಮಾಡಿ ತಂದಿದ್ದ.

'ಇದನ್ನಿಟ್ಕೋ ಅಕ್ಕ' ಎಂದ, ಬೆಳಕಿನ ಕಡೆ ಮುಖ ಮಾಡಿ, ತುಟಿ ಕಾಣುವ ಹಾಗೆ ನಿಧಾನವಾಗಿ. 'ಅಪ್ಪನ ಅಳತೇಲೇ ಮಾಡಿದೀನಿ. ಚಳೀಲಿ ನಾನು ಬಂದು ನೋಡ್ತೀನಿ. ಭಾವ ಕೇಳ್ತಾರೆ. ಕಿವಿಗೂ ಏನೋ ಮಿಷಿನ್ ಬಂದಿದೆಯಂತೆ, ಹೋಗಿ ತೋರಿಸೋಣ. ಮುತ್ತಜ್ಜನ ಹುಳ ಅಲ್ಲ, ಗೊತ್ತು ನನಗೆ. ಆದ್ರೂ ಖಾಲಿ ಹಿತ್ತಿಲಲ್ಲಿ ನೀನು ಹೀಗೆ ಕೂತಿರೋದನ್ನ ನನ್ನ ಕೈಲಿ ನೋಡೋಕಾಗಲ್ಲ.'

ಕಿವಿಯಕ್ಕ ಕೈ ಚಾಚಿ ಕೆತ್ತಿದ ಜಾಗವನ್ನು ಬೆರಳಿನಿಂದ ಸವರಿದಳು. ಬಹಳ ಹೊತ್ತು ಸವರಿದಳು. ಹಲಗೆಯ ಆಚೆ ಹುಳ ಮೊರೆಯುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಅದು ಕೇಳಿಸುತ್ತಿತ್ತು. ಗೆಣ್ಣು ಮಡಿಸಿದಳು. ಬಡಿಯಲಿಲ್ಲ. ಎದ್ದು, ಇಬ್ಬರಿಗೂ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತಳು.

'ಕೆತ್ತನೆ ಚೆನ್ನಾಗಿದೆ ಕಣೋ. ಅಪ್ಪನ ಕೈ ಬಂದಿದೆ ನಿನಗೆ. ಆದ್ರೆ ಬೇಡ, ತಗೊಂಡು ಹೋಗು. ನಿನ್ನ ಹುಳ ನನ್ನ ಮನೆ ತುಪ್ಪ ತಿಂದ್ವು ಅಂತ ಸಿಟ್ಟಿಲ್ಲ ನನಗೆ. ಸತ್ತ ಮನೆ ಬಾಗಿಲು ತೆಗೆದಿದ್ರೆ ಯಾರು ನುಗ್ಗಲ್ಲ? ಇದನ್ನ ಇಲ್ಲಿ ಬಿಟ್ಟು ಹೋದ್ರೆ ಬರೋ ಚಳೀಲಿ ನಾನು ಬಡೀತೀನಿ. ಬಡೀದೆ ಇರೋಕೆ ನನ್ನಿಂದ ಆಗಲ್ಲ. ಬದುಕಿದ್ರೂ ಹೂಂ ಅನ್ನುತ್ತೆ, ಸತ್ತಿದ್ರೂ ಹೂಂ ಅನ್ನುತ್ತೆ. ನ್ಯಾಯ ಹೇಳಿದ್ರೆ ನಾನು ಇನ್ನೊಬ್ಬರ ಕಿವೀನ ನಂಬಬೇಕು. ನಂಬಲ್ಲ ಕಣೋ, ನನ್ನ ಜಾಯಮಾನ ನನಗೆ ಗೊತ್ತು. ನಿನ್ನ ಭಾವನ್ನ ಎಳ್ಕೊಂಡು ಬಂದು ಕೇಳಿಸ್ತಾ ಅಂತೀನಿ. ಅವರು ನನ್ನ ಮುಖ ನೋಡ್ಕೊಂಡು ಹೌದು ಅಂತಾರೆ. ಅದನ್ನ ಇನ್ನೊಂದ್ಸಲ ಅವರ ಬಾಯಲ್ಲಿ ಅನ್ನಿಸಲಾರೆ. ಎತ್ಕೋ, ಕತ್ತಲಾಗೋ ಮುಂಚೆ ಮನೆ ಸೇರ್ಕೋ. ಏನೂ ಹೇಳ್ಬೇಡ. ನಾನು ಈ ಕಡೆ ತಿರುಗಿದೀನಿ, ನೀನು ಏನು ಹೇಳಿದ್ರೂ ನನಗೆ ಕೇಳಿಸಲ್ಲ.'